ಆಹಾರ ಬಿಟ್ಟ ಅಲಂಕಾರಿಕ ಮೀನು: ಹೊಟ್ಟೆಯ ಹುಳುವೋ, ನೀರಿನ ದೋಷವೋ?

ದೊಡ್ಡಿಯಲ್ಲಿ ಒಂದು ಕುರಿ ಮೇವು ಬಿಟ್ಟರೆ ಅದು ಅದೇ ದಿನ ನಿಮ್ಮ ಕಣ್ಣಿಗೆ ಬೀಳುತ್ತದೆ. ಕಣ್ಣಿನ ರೆಪ್ಪೆ ಮಗುಚಿ ನೋಡುತ್ತೀರಿ, ಹಿಕ್ಕೆ ನೋಡುತ್ತೀರಿ, ಗದ್ದದ ಕೆಳಗೆ ನೀರು ತುಂಬಿದೆಯೇ ಎಂದು ಮುಟ್ಟಿ ನೋಡುತ್ತೀರಿ. ಇಷ್ಟು ನೋಡಿದ ಮೇಲೆಯೇ ಜಂತಿನ ಔಷಧಿಯ ಮಾತು. ಆದರೆ ಗಾಜಿನ ತೊಟ್ಟಿಯ ಮೀನು ಆಹಾರ ಬಿಟ್ಟಾಗ ಬಹಳ ಮಂದಿ ಇದರಲ್ಲಿ ಒಂದನ್ನೂ ನೋಡುವುದಿಲ್ಲ. ಅಂಗಡಿಗೆ ಹೋಗಿ ನೀಲಿಯದೋ ಹಳದಿಯದೋ ಒಂದು ಬಾಟಲಿ ತಂದು ಹತ್ತು ಹನಿ ಬಿಡುತ್ತಾರೆ. ನಾಲ್ಕು ದಿನ ಕಳೆದು ಮೀನು ಸತ್ತರೆ "ಔಷಧಿ ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ಯಾವ ರೋಗಕ್ಕೆ ಯಾವ ಔಷಧಿ ಕೊಟ್ಟೆವೆಂಬುದೇ ಗೊತ್ತಿಲ್ಲದಾಗ ಔಷಧಿಯನ್ನು ದೂರಿ ಫಲವೇನು?

ಅಲಂಕಾರಿಕ ಮೀನು ಸಾಕಣೆಯು ಈಗ ಕೇವಲ ಪಟ್ಟಣದವರ ಹವ್ಯಾಸವಾಗಿ ಉಳಿದಿಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಬೆಳೆಸುವ ಘಟಕಗಳಿಗೂ ಸಹಾಯಧನವನ್ನು ಸೇರಿಸಲಾಯಿತು. ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇಕಡಾ 60 ಎಂದು ಅದರಲ್ಲಿ ಗೊತ್ತುಪಡಿಸಲಾಗಿದೆ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿಯ ಕಡೆಯ ರೈತ ಕುಟುಂಬಗಳು ತೊಗರಿಯ ಜೊತೆಗೆ ಇದನ್ನೊಂದು ಉಪಕಸಬಾಗಿ ಯೋಚಿಸುವುದಾದರೆ, ತೊಟ್ಟಿ ಕಟ್ಟುವ ಲೆಕ್ಕಕ್ಕಿಂತ ಮೊದಲು ತಿಳಿಯಬೇಕಾದದ್ದು ಮೀನಿನ ಹಸಿವಿನ ವಿಚಾರ. ಏಕೆಂದರೆ ಹೊಟ್ಟೆಯ ಹುಳುವಿಗೆ ಒಳ್ಳೆಯ ಔಷಧಿಗಳು ಬಹುಮಟ್ಟಿಗೆ ಆಹಾರದ ಮೂಲಕವೇ ಒಳಗೆ ಹೋಗಬೇಕು. ಮೀನು ಪೂರ್ತಿ ಬಾಯಿ ಕಟ್ಟಿದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಅರ್ಧ ತಿಂದು ಉಗುಳುವ, ಆಹಾರದ ಬಳಿ ಬಂದು ಹಿಂದಿರುಗುವ ಮೊದಲ ದಿನಗಳೇ ಚಿಕಿತ್ಸೆಗೆ ತಕ್ಕ ಕಾಲ.

ಮೊದಲು ನೀರನ್ನು ನೋಡಿ

ನಮ್ಮ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲು. ಶಹಾಬಾದಿನ ಪರಸಿ ಕಲ್ಲಿಗೂ, ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೂ ಅದೇ ಆಧಾರ. ಇಂಥ ನೆಲದಿಂದ ಬರುವ ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಗೆ ವಾಲಿದ್ದು. ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆಯೇ ಇದಕ್ಕೆ ಸಾಕ್ಷಿ. ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಇಂಥ ನೀರಿನಲ್ಲಿ ಸುಖವಾಗಿಯೇ ಇರುತ್ತವೆ. ಡಿಸ್ಕಸ್, ಕಾರ್ಡಿನಲ್ ಟೆಟ್ರಾಗಳಂಥ ಮೆದು ನೀರಿನ ಮೀನುಗಳು ಬಾಡುತ್ತವೆ. ಅವನ್ನು ಸಾಕಲೇಬೇಕೆಂದರೆ ಮಳೆಗಾಲದಲ್ಲಿ ಮಾಳಿಗೆಯ ಮೇಲಿನ ಸ್ವಚ್ಛ ನೀರನ್ನು ಹಿಡಿದಿಟ್ಟು ಬೆರೆಸಬೇಕು. ಆರಂಭದಲ್ಲಿ ಅವುಗಳ ಗೊಡವೆಗೆ ಹೋಗದಿರುವುದೇ ಮೇಲು.

ಕ್ಷಾರದ ನೀರಿನ ಇನ್ನೊಂದು ಗುಣವನ್ನು ನೀವು ಚೆನ್ನಾಗಿ ನೆನಪಿಡಬೇಕು. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ತೊಟ್ಟಿಯಲ್ಲಿ ಅಮೋನಿಯಾ ಹುಟ್ಟುತ್ತದೆ. ಅದರಲ್ಲಿ ಒಂದು ಪಾಲು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಈ ವಿಷದ ಪಾಲು ಸುಮಾರು 10 ಪಟ್ಟು ಹೆಚ್ಚುತ್ತದೆ. ಬಿಸಿಲು ಏರಿದಂತೆಯೂ ಅದು ಹೆಚ್ಚುತ್ತದೆ. ಬೇರೆ ಊರಿನ ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವಷ್ಟು ಕೊಳೆಯನ್ನು ನಮ್ಮ ನೀರಿನಲ್ಲಿ ಅದು ತಡೆದುಕೊಳ್ಳಲಾರದು ಎಂದು ಇದರ ಅರ್ಥ. ಅಮೋನಿಯಾ ತಾಗಿದ ಮೀನಿನ ಮೊದಲ ಲಕ್ಷಣವೂ ಆಹಾರ ಬಿಡುವುದೇ. ಮೂಲೆಯಲ್ಲಿ ನಿಂತು ವೇಗವಾಗಿ ಕಿವಿರು ಆಡಿಸುತ್ತದೆ.

ಹೊಸ ತೊಟ್ಟಿ ಕಟ್ಟಿ ತಿಂಗಳಾಗದಿದ್ದರೆ, ಎಲ್ಲ ಮೀನುಗಳೂ ಒಮ್ಮೆಗೇ ಆಹಾರ ಬಿಟ್ಟಿದ್ದರೆ, ಮೊದಲ ಸಂಶಯ ನೀರಿನ ಮೇಲಿರಲಿ. ಮೂರನೇ ಒಂದು ಭಾಗ ನೀರನ್ನು ತೆಗೆದು, ಅಷ್ಟೇ ಬಿಸಿಯಿರುವ, ಕ್ಲೋರಿನ್ ಹೋಗಿಸಿದ ಹೊಸ ನೀರನ್ನು ತುಂಬಿ. ಅಮೋನಿಯಾ ಮತ್ತು ಪಿಎಚ್ ಅಳೆಯುವ ಹನಿ ಪರೀಕ್ಷೆಯ ಪೆಟ್ಟಿಗೆಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಔಷಧಿಗೆ ಕೊಡುವ ದುಡ್ಡಿನಲ್ಲಿ ಮೊದಲು ಇದನ್ನು ಕೊಳ್ಳಿ. ನೀರು ಬದಲಿಸಿದ ಒಂದೆರಡು ದಿನಗಳಲ್ಲಿ ಮೀನು ಬಾಯಿ ಬಿಟ್ಟರೆ ಜಂತಿನ ಮಾತೇ ಬೇಡ.

ಬೇಸಿಗೆಯಲ್ಲಿ ನಮ್ಮಲ್ಲಿ ಹಗಲಿನ ಬಿಸಿ 40 ಡಿಗ್ರಿ ದಾಟುವುದು ಸಾಮಾನ್ಯ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ವಿದ್ಯುತ್ ಹೋಗಿ ಗಾಳಿ ಪಂಪು ನಿಂತ ಮಧ್ಯಾಹ್ನ ಮೀನು ತಿನ್ನದಿದ್ದರೆ ಆಶ್ಚರ್ಯವಿಲ್ಲ. ಚಳಿಗಾಲದ ರಾತ್ರಿ ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಉಷ್ಣವಲಯದ ಮೀನುಗಳ ಜೀರ್ಣಶಕ್ತಿ ಕುಗ್ಗಿ ಅವು ಸುಮ್ಮನೆ ತಳದಲ್ಲಿ ಕೂಡುತ್ತವೆ. ಗೋಲ್ಡ್ ಫಿಶ್‌ಗೆ ಮಾತ್ರ ಈ ಚಳಿ ಬಾಧಕವಲ್ಲ. ದೂರದಿಂದ ತಂದ ಹೊಸ ಮೀನು ಎರಡು ಮೂರು ದಿನ ತಿನ್ನದಿರುವುದೂ ಸಹಜವೇ. ಇನ್ನು ಕೆಲವು ಸಿಕ್ಲಿಡ್ ಜಾತಿಯ ಹೆಣ್ಣುಗಳು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಎರಡು ಮೂರು ವಾರ ಉಪವಾಸವಿರುತ್ತವೆ. ನಮ್ಮ ಕೆರೆಗಳ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇದೇ ಬಳಗದ್ದು. ಗದ್ದ ಉಬ್ಬಿಸಿಕೊಂಡ ತಾಯಿ ಮೀನಿಗೆ ರೋಗವೆಂದು ಔಷಧಿ ಹಾಕಿದರೆ ಮರಿಗಳೂ ಹೋದಂತೆ.

ಮಲವನ್ನು ಓದುವ ಬಗೆ

ನೀರು ಸರಿಯಿದ್ದು, ತೊಟ್ಟಿಯಲ್ಲಿ ಒಂದೋ ಎರಡೋ ಮೀನು ಮಾತ್ರ ಆಹಾರ ಬಿಟ್ಟು ಬೆನ್ನು ಸಣ್ಣಗಾಗುತ್ತಿದ್ದರೆ ಆಗ ಒಳಪರೋಪಜೀವಿಯ ಸಂಶಯ ಪಡಬೇಕು. ಕುರಿಯ ಹಿಕ್ಕೆಯಂತೆಯೇ ಮೀನಿನ ಮಲವೂ ಮಾತನಾಡುತ್ತದೆ. ಆರೋಗ್ಯವಾದ ಮೀನಿನ ಮಲವು ತಿಂದ ಆಹಾರದ ಬಣ್ಣದ್ದಾಗಿದ್ದು ಬೇಗ ಕಡಿದು ಬೀಳುತ್ತದೆ. ಕರುಳಿನಲ್ಲಿ ಪರೋಪಜೀವಿಗಳಿದ್ದರೆ ಬಿಳಿಯ, ಲೋಳೆಯಂಥ ಉದ್ದ ಎಳೆಯಾಗಿ ಗುದದಿಂದ ಜೋತು ಬಿದ್ದಿರುತ್ತದೆ. ಆದರೆ ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಯಾವ ಕಾರಣದಿಂದಲೇ ಆಗಲಿ, ಕೆಲವು ದಿನ ತಿನ್ನದ ಮೀನಿನ ಖಾಲಿ ಕರುಳಿನಿಂದಲೂ ಬಿಳಿ ಲೋಳೆಯೇ ಬರುತ್ತದೆ. ಮೀನು ಇನ್ನೂ ತಿನ್ನುತ್ತಿರುವಾಗಲೇ ಬಿಳಿ ಎಳೆ ಕಂಡರೆ, ತಿಂದರೂ ಹೊಟ್ಟೆ ಒಳಗೆ ಸೇದಿಕೊಂಡು ತಲೆಯ ಹಿಂದಿನ ಮಾಂಸ ಕರಗುತ್ತಿದ್ದರೆ, ಸಂಶಯ ಬಲವಾಗುತ್ತದೆ.

ಖಚಿತ ಮಾಡಿಕೊಳ್ಳಲು ಸೂಕ್ಷ್ಮದರ್ಶಕವೇ ಬೇಕು. ದನಕುರಿಗಳ ಸಗಣಿ, ಹಿಕ್ಕೆ ಪರೀಕ್ಷಿಸುವ ಪಶು ಆಸ್ಪತ್ರೆಯ ಸೂಕ್ಷ್ಮದರ್ಶಕ ಇದಕ್ಕೂ ಸಾಕು. ಒಂದು ಮಾತು: ಮಲ ತಾಜಾ ಆಗಿರಬೇಕು. ಮುಂದೆ ಹೇಳಲಿರುವ ಚಾವಟಿ ಜೀವಿಗಳು ಹೊರಬಿದ್ದ ಕೆಲವು ನಿಮಿಷಗಳಲ್ಲಿ ಚಲನೆ ನಿಲ್ಲಿಸುತ್ತವೆ. ಆ ಮೇಲೆ ಅವನ್ನು ಗುರುತಿಸುವುದು ಕಷ್ಟ. ಆದ್ದರಿಂದ ಮಲವನ್ನು ಕಾಗದದಲ್ಲಿ ಕಟ್ಟಿ ಒಯ್ಯುವ ಬದಲು ಮೀನನ್ನೇ ತೊಟ್ಟಿಯ ನೀರು ಮತ್ತು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುವುದು ಲೇಸು.

ಕಣ್ಣಿಗೆ ಕಾಣದ ಚಾವಟಿ ಜೀವಿಗಳು

ಏಂಜಲ್, ಡಿಸ್ಕಸ್, ಆಸ್ಕರ್ ಮೊದಲಾದ ಸಿಕ್ಲಿಡ್ ಮೀನುಗಳಲ್ಲಿ ಹೆಚ್ಚಾಗಿ ಕಾಣುವುದು ಹೆಕ್ಸಾಮಿಟಾ ಮತ್ತು ಸ್ಪೈರೊನ್ಯೂಕ್ಲಿಯಸ್ ಎಂಬ ಏಕಕೋಶ ಜೀವಿಗಳು. ಇವಕ್ಕೆ ಚಾವಟಿಯಂಥ ಎಳೆಗಳಿದ್ದು, ಸೂಕ್ಷ್ಮದರ್ಶಕದಡಿಯಲ್ಲಿ ಮಿಂಚಿನಂತೆ ಓಡಾಡುತ್ತವೆ. ಅಲ್ಪ ಸಂಖ್ಯೆಯಲ್ಲಿ ಇವು ಚೆನ್ನಾಗಿರುವ ಮೀನಿನ ಕರುಳಿನಲ್ಲಿಯೂ ಇರಬಹುದು. ದೂರದ ಪ್ರಯಾಣ, ಇಕ್ಕಟ್ಟು, ಕೊಳೆ ನೀರು ಸೇರಿದಾಗ ಅವು ಬೆಳೆದು ಮೀನನ್ನು ಒಳಗಿನಿಂದ ಸೊರಗಿಸುತ್ತವೆ. ಕೆಲವು ಮೀನುಗಳ ತಲೆಯ ಮೇಲೆ ಸಣ್ಣ ಗುಳಿಗಳು ಬೀಳುವುದೂ ಉಂಟು.

ಇದಕ್ಕೆ ಔಷಧಿ ಮೆಟ್ರೊನಿಡಜೋಲ್. ಮನುಷ್ಯರಿಗೆ ಆಮಶಂಕೆಗೆ ಕೊಡುವ ಅದೇ ಗುಳಿಗೆ. ಪಶುವೈದ್ಯರ ಚೀಟಿಯ ಮೇಲೆ ಪಡೆಯಬೇಕು. ಮೀನು ಇನ್ನೂ ತಿನ್ನುತ್ತಿದ್ದರೆ ಆಹಾರದಲ್ಲಿ ಕೊಡುವುದೇ ಉತ್ತಮ. 100 ಗ್ರಾಂ ಆಹಾರಕ್ಕೆ 1 ಗ್ರಾಂ ಔಷಧಿ, ಅಂದರೆ 200 ಮಿಲಿಗ್ರಾಂನ ಒಂದು ಗುಳಿಗೆಗೆ 20 ಗ್ರಾಂ ಆಹಾರ. ಗುಳಿಗೆಯನ್ನು ನುಣ್ಣಗೆ ಅರೆದು, ಸ್ವಲ್ಪ ಬೆಚ್ಚನೆಯ ನೀರಿನಲ್ಲಿ ಕರಗಿಸಿದ ಜಿಲೆಟಿನ್‌ಗೆ ಸೇರಿಸಿ, ಅದರಲ್ಲಿ ಆಹಾರದ ಪುಡಿಯನ್ನು ಕಲಸಿ ತಂಪಿನಲ್ಲಿ ಗಟ್ಟಿಯಾಗಲು ಬಿಡಿ. ಜಿಲೆಟಿನ್ ಇಲ್ಲದೆ ಬರಿದೇ ಉದುರಿಸಿದರೆ ಔಷಧಿ ನೀರಿಗೆ ಹೋಗುತ್ತದೆಯೇ ಹೊರತು ಹೊಟ್ಟೆಗಲ್ಲ. ಸತತ 5 ದಿನ ಈ ಆಹಾರವನ್ನೇ ಕೊಡಬೇಕು.

ಬಾಯಿ ಕಟ್ಟಿದ ಮೀನಿಗೆ ನೀರಿನಲ್ಲಿಯೇ ಔಷಧಿ ಬೆರೆಸುವುದು ಅನಿವಾರ್ಯ. ಪ್ರತಿ 30 ಲೀಟರ್ ನೀರಿಗೆ 200 ಮಿಲಿಗ್ರಾಂನ ಒಂದು ಗುಳಿಗೆಯಂತೆ, ದಿನಕ್ಕೊಮ್ಮೆ, 5 ದಿನ. ಪ್ರತಿ ಸಲವೂ ಔಷಧಿ ಹಾಕುವ ಮೊದಲು ಒಂದಿಷ್ಟು ನೀರು ಬದಲಿಸಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧಿಯನ್ನು ಹೀರಿಬಿಡುತ್ತದೆ. ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಅಂದಾಜಿಗೆ ಬಿಡಬೇಡಿ. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ಬರುತ್ತದೆ. 90 ಸೆಂ.ಮೀ. ಉದ್ದ, 30 ಅಗಲ, ನೀರು 35 ನಿಂತಿದ್ದರೆ 94.5 ಲೀಟರು. ಮರಳು, ಕಲ್ಲಿನ ಜಾಗ ಕಳೆದರೆ 85 ಲೀಟರೆಂದು ಹಿಡಿಯಬಹುದು. ಮೂರು ಗುಳಿಗೆ ಸಾಕು. ಕುರಿಗೆ ತೂಕ ನೋಡಿ ಔಷಧಿ ಕುಡಿಸುವಂತೆ ಇಲ್ಲಿ ನೀರಿನ ಅಳತೆ.

ಕೆಂಪು ದಾರದ ಹುಳು

ಗಪ್ಪಿ, ಮೋಲಿ ಸಾಕುವವರಿಗೆ ಬಹಳ ಕಾಟ ಕೊಡುವುದು ಕಮಲ್ಲಾನಸ್ ಎಂಬ ದುಂಡು ಹುಳು. ಮೀನು ಅಲುಗದೆ ನಿಂತಾಗ ಗುದದಿಂದ ಕೆಂಪು ದಾರದ ತುಂಡುಗಳಂತೆ ಇವು ಹೊರಗೆ ಇಣುಕುತ್ತವೆ, ಮೀನು ಚಲಿಸಿದರೆ ಒಳಗೆ ಸೇರಿಕೊಳ್ಳುತ್ತವೆ. ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುವುದರಿಂದಲೇ ಈ ಬಣ್ಣ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಬಹಳವಾಗಿರುತ್ತವೆ. ಚಿಮಟದಿಂದ ಎಳೆದು ತೆಗೆಯಲು ಹೋಗಬಾರದು, ಕರುಳು ಹರಿಯುತ್ತದೆ.

ಈ ಹುಳುವಿನ ಜೀವನಕ್ರಮ ತಿಳಿಯಲು ನಮ್ಮ ಹಿರಿಯರಿಗೆ ಕಷ್ಟವಾಗಲಾರದು. ಮೆಟ್ಟಿಲು ಬಾವಿಗಳ ಕಾಲದಲ್ಲಿ ಕರ್ನಾಟಕದಲ್ಲಿಯೂ ಜನರನ್ನು ಕಾಡಿದ ನಾರುಹುಣ್ಣು ನೆನಪಿರಬೇಕು. ಕಾಲಿನ ಹುಣ್ಣಿನಿಂದ ಹೊರಬರುವ ಹುಳು ಬಾವಿಯ ನೀರಿನಲ್ಲಿ ಮರಿಗಳನ್ನು ಬಿಡುತ್ತಿತ್ತು. ಅವನ್ನು ಸೈಕ್ಲಾಪ್ಸ್ ಎಂಬ ಸಣ್ಣ ನೀರುಕೀಟ ತಿನ್ನುತ್ತಿತ್ತು. ಆ ಕೀಟವಿರುವ ನೀರನ್ನು ಸೋಸದೆ ಕುಡಿದವರಿಗೆ ರೋಗ ಬರುತ್ತಿತ್ತು. ನೀರು ಸೋಸಿ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ಈ ಸರಪಳಿಯನ್ನು ಮಧ್ಯದಲ್ಲಿ ಕಡಿದದ್ದರಿಂದಲೇ 1996ರ ನಂತರ ಭಾರತದಲ್ಲಿ ಆ ರೋಗ ಕಾಣಲಿಲ್ಲ. 2000ದಲ್ಲಿ ದೇಶ ಅದರಿಂದ ಮುಕ್ತವೆಂದು ಘೋಷಿತವಾಯಿತು. ಅದಕ್ಕೆ ಔಷಧಿಯೇ ಇರಲಿಲ್ಲ ಎಂಬುದನ್ನು ಗಮನಿಸಿ. ಕಮಲ್ಲಾನಸ್ ಆ ನಾರುಹುಳುವಿನ ದೂರದ ದಾಯಾದಿ. ಇದರ ಮರಿಗಳನ್ನೂ ಸೈಕ್ಲಾಪ್ಸ್ ಜಾತಿಯ ಕೀಟಗಳೇ ಹೊತ್ತು ತಿರುಗುತ್ತವೆ. ಕೆರೆಯಿಂದ ಬಟ್ಟೆಯಲ್ಲಿ ಸೋಸಿ ತಂದ ಜೀವಂತ ಆಹಾರವನ್ನು ತೊಟ್ಟಿಗೆ ಹಾಕಿದಾಗ ರೋಗವನ್ನೂ ಹಾಕಿದಂತಾಗಬಹುದು. ತೊಟ್ಟಿಯ ಇಕ್ಕಟ್ಟಿನಲ್ಲಿ ಇದು ಕೀಟದ ನೆರವಿಲ್ಲದೆ ಮೀನಿನಿಂದ ಮೀನಿಗೂ ನೇರವಾಗಿ ಹರಡಬಲ್ಲದು. ಆದ್ದರಿಂದ ಒಂದು ಮೀನಿನಲ್ಲಿ ಕಂಡರೆ ಆ ತೊಟ್ಟಿಯ ಎಲ್ಲ ಮೀನುಗಳಿಗೂ ಚಿಕಿತ್ಸೆ ಮಾಡಬೇಕು.

ಇದಕ್ಕೆ ಲೆವಾಮಿಸೋಲ್ ಹೈಡ್ರೊಕ್ಲೋರೈಡ್ ಪರಿಣಾಮಕಾರಿ. ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ, 24 ಗಂಟೆ. ಇಷ್ಟು ಸಣ್ಣ ತೂಕವನ್ನು ಮನೆಯ ತಕ್ಕಡಿಯಲ್ಲಿ ತೂಗಲಾಗದು. ಆದ್ದರಿಂದ ತೂಗಿಸಿ ತಂದ 1 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿಕೊಳ್ಳಿ. ಆ ದ್ರಾವಣದಲ್ಲಿ ತೊಟ್ಟಿಯ ಪ್ರತಿ ಲೀಟರಿಗೆ 1 ಮಿಲಿಲೀಟರಿನಂತೆ ಸಿರಿಂಜಿನಿಂದ ಅಳೆದು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಈ ಔಷಧಿ ಹುಳುವಿಗೆ ಲಕ್ವ ಹೊಡೆಸಿ ಹಿಡಿತ ಬಿಡಿಸುತ್ತದೆ. ಬಿದ್ದ ಹುಳುಗಳನ್ನು ಮೀನುಗಳು ಮತ್ತೆ ಹೆಕ್ಕಿ ತಿನ್ನದಂತೆ, 24 ಗಂಟೆಯಾದ ಮೇಲೆ ತಳವನ್ನು ಕೊಳವೆಯಿಂದ ಚೆನ್ನಾಗಿ ಎಳೆದು ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡುವುದನ್ನು ಮರೆಯಬೇಡಿ. ಮೊದಲ ಸಲ ಉಳಿದುಕೊಂಡ ಮರಿಗಳು ಅಷ್ಟರಲ್ಲಿ ಬೆಳೆದಿರುತ್ತವೆ. ಬಹುತೇಕ ಮಂದಿ ಮೀನು ತಿನ್ನತೊಡಗಿದ ಕೂಡಲೇ ಈ ಎರಡನೆಯ ಸರದಿಯನ್ನು ಬಿಡುತ್ತಾರೆ. ತಿಂಗಳೊಳಗೆ ಕೆಂಪು ದಾರ ಮತ್ತೆ ಇಣುಕುತ್ತದೆ.

ಏಂಜಲ್, ಡಿಸ್ಕಸ್‌ಗಳಲ್ಲಿ ಬರುವ ಕ್ಯಾಪಿಲ್ಲೇರಿಯಾ ಎಂಬ ಕೂದಲಿನಂಥ ಹುಳು ಹೊರಗೆ ಕಾಣುವುದಿಲ್ಲ. ಎರಡೂ ತುದಿಗೆ ಬಿರಡೆ ಜಡಿದಂಥ ಅದರ ಮೊಟ್ಟೆಗಳು ಮಲದ ಪರೀಕ್ಷೆಯಲ್ಲಿ ಸಿಗುತ್ತವೆ. ಇದಕ್ಕೆ ಫೆನ್‌ಬೆಂಡಜೋಲ್ ಅನ್ನು 100 ಗ್ರಾಂ ಆಹಾರಕ್ಕೆ 250 ಮಿಲಿಗ್ರಾಂನಂತೆ ಜಿಲೆಟಿನ್‌ನಲ್ಲಿ ಕಲಸಿ 3 ದಿನ ಕೊಟ್ಟು, ಎರಡು ಮೂರು ವಾರದ ನಂತರ ಪುನಃ ಕೊಡಬೇಕು. 150 ಮಿಲಿಗ್ರಾಂನ ಗುಳಿಗೆಯಾದರೆ 60 ಗ್ರಾಂ ಆಹಾರ. ಲಾಡಿ ಹುಳುವಿಗೆ ಪ್ರಾಜಿಕ್ವಾಂಟೆಲ್ ಔಷಧಿಯಿದೆ. ಅದು ತೊಟ್ಟಿಯ ಮೀನಿನಲ್ಲಿ ಅಷ್ಟು ಸಾಮಾನ್ಯವಲ್ಲ, ಬಂದಾಗ ವೈದ್ಯರೇ ಪ್ರಮಾಣ ಹೇಳಲಿ.

ಕುರಿಯ ಬಾಟಲಿ ತೊಟ್ಟಿಗೆ ಬೇಡ

ಲೆವಾಮಿಸೋಲ್, ಫೆನ್‌ಬೆಂಡಜೋಲ್ ಎಂಬ ಹೆಸರುಗಳು ಕುರಿ ಸಾಕುವವರಿಗೆ ಹೊಸತಲ್ಲ. "ಮನೆಯಲ್ಲಿಯೇ ಬಾಟಲಿ ಇದೆಯಲ್ಲ" ಎಂದು ಮನಸ್ಸಿಗೆ ಬರುವುದು ಸಹಜ. ಆದರೆ ಕುರಿಗೆ ಕುಡಿಸುವ ಎಷ್ಟೋ ಔಷಧಿಗಳಲ್ಲಿ ಲೆವಾಮಿಸೋಲ್ ಜೊತೆಗೆ ಯಕೃತ್ತಿನ ಚಪ್ಪಟೆ ಹುಳುವಿಗೆಂದು ಆಕ್ಸಿಕ್ಲೋಜನೈಡ್ ಬೆರೆಸಿರುತ್ತಾರೆ. ಅಂಥ ಮಿಶ್ರಣವನ್ನು ತೊಟ್ಟಿಗೆ ಹಾಕಲೇಬಾರದು. ಉಣ್ಣೆಗೂ ಹುಳುವಿಗೂ ಬಳಸುವ ಐವರ್ಮೆಕ್ಟಿನ್, ಬಸವನ ಹುಳು ಕೊಲ್ಲುವ ನಿಕ್ಲೋಸಮೈಡ್ ಇವು ಮೀನಿಗೆ ವಿಷ. ಬೇವಿನ ಎಣ್ಣೆಯೂ ಮೀನಿಗೆ ಒಗ್ಗದು. ಉಪ್ಪು ಹಾಕುವ ರೂಢಿಯಿದೆ. ಹೊರಗಿನ ಕೆಲವು ತೊಂದರೆಗಳಿಗೆ ಅದು ಒಳ್ಳೆಯದಾದರೂ ಕರುಳಿನ ಹುಳುವಿಗೆ ತಾಗುವುದಿಲ್ಲ. ಬೆಳ್ಳುಳ್ಳಿ ರಸದ ವಾಸನೆಗೆ ಬಾಯಿ ಕಟ್ಟಿದ ಮೀನು ಆಹಾರದ ಬಳಿ ಬಂದರೂ ಬರಬಹುದು. ಅದರಿಂದ ಹುಳು ಸಾಯುತ್ತದೆಂದು ನಂಬಿ ದಿನ ಕಳೆಯಬೇಡಿ. ಇನ್ನು ಒಳಗೆ ಏನಿದೆ ಎಂದು ಮೇಲಿನ ಚೀಟಿಯಲ್ಲಿ ಬರೆಯದ ಬಣ್ಣದ ಬಾಟಲಿಗಳನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಯಾವ ಔಷಧಿಗೂ ಬಗ್ಗದೆ ತಿಂಗಳುಗಟ್ಟಲೆ ಒಂದೊಂದೇ ಮೀನು ಬೆನ್ನು ಬಾಗಿ, ಸೊರಗಿ ಸಾಯುತ್ತಿದ್ದರೆ ಅದು ಮೀನಿನ ಕ್ಷಯ ಇರಬಹುದು. ಇದಕ್ಕೆ ನಂಬುವಂಥ ಚಿಕಿತ್ಸೆಯಿಲ್ಲ. ಇದರ ಒಂದು ಬಗೆಯ ರೋಗಾಣು ಕೈಯ ಗಾಯದ ಮೂಲಕ ಮನುಷ್ಯರಿಗೂ ಹತ್ತಿ ಚರ್ಮದಲ್ಲಿ ಗಂಟು, ಹುಣ್ಣು ಮಾಡುತ್ತದೆ. ಕೈಯಲ್ಲಿ ಗೀರು ಇದ್ದಾಗ ರಬ್ಬರ್ ಗವಸು ಇಲ್ಲದೆ ತೊಟ್ಟಿಗೆ ಕೈ ಹಾಕಬಾರದು, ಮಕ್ಕಳಿಗೂ ಇದನ್ನು ಹೇಳಬೇಕು. ಕೊಳವೆಯ ನೀರನ್ನು ಬಾಯಿಂದ ಎಳೆಯುವ ಅಭ್ಯಾಸವನ್ನೂ ಬಿಡಿ.

ಹೊಸ ಮೀನಿಗೆ ಬೇರೆ ಮನೆ

ನಮ್ಮ ಕಡೆಯ ಅಂಗಡಿಗಳಿಗೆ ಮೀನು ಬರುವುದು ಬಹುಪಾಲು ದೂರದಿಂದ. ಚೆನ್ನೈನ ಕೊಳತ್ತೂರು, ಕೋಲ್ಕತ್ತ ಮೊದಲಾದ ಕಡೆ ಬೆಳೆದ ಮೀನುಗಳು ದೊಡ್ಡ ಊರುಗಳ ಸಗಟು ಅಂಗಡಿಗಳಲ್ಲಿ ಇಳಿದು, ಹತ್ತಾರು ತೊಟ್ಟಿಗಳ ನೀರು ಕುಡಿದು ನಿಮ್ಮ ಕೈ ಸೇರುತ್ತವೆ. ಸಂತೆಯಿಂದ ತಂದ ಕುರಿಯನ್ನು ಅದೇ ದಿನ ಹಿಂಡಿಗೆ ಬಿಡದ ನೀವು ಮೀನಿಗೂ ಅದೇ ಕ್ರಮ ಇಡಿ. ಮರಳು, ಗಿಡ ಏನೂ ಇಲ್ಲದ 40 ಲೀಟರಿನ ಒಂದು ತೊಟ್ಟಿ, ಗಾಳಿ ಕಲ್ಲು, ಅದಕ್ಕೇ ಮೀಸಲಾದ ಬಲೆ ಮತ್ತು ಕೊಳವೆ ಇದ್ದರೆ ಸಾಕು. ಮೂರು ನಾಲ್ಕು ವಾರ ಅಲ್ಲಿಟ್ಟು ತಿನ್ನುವುದನ್ನೂ ಮಲವನ್ನೂ ನೋಡಿ. ರೋಗಿ ಮೀನಿಗೆ ಔಷಧಿ ಕೊಡಲೂ ಅದೇ ತೊಟ್ಟಿ. ತಳ ಬರಿದಾಗಿರುವುದರಿಂದ ಮಲ ಸ್ಪಷ್ಟವಾಗಿ ಕಾಣುತ್ತದೆ, ಔಷಧಿಯೂ ಕಡಿಮೆ ಸಾಕಾಗುತ್ತದೆ. ಜೀವಂತ ಆಹಾರ ಬೇಕೆಂದರೆ ಗಟಾರದ ಟ್ಯೂಬಿಫೆಕ್ಸ್ ಹುಳುವಿನ ಬದಲು ಉಪ್ಪುನೀರಿನಲ್ಲಿ ಮರಿ ಮಾಡಿದ ಆರ್ಟಿಮಿಯಾ ಕೊಡಿ.

ಕೃಷಿ ಹೊಂಡದ ಮೀನಿಗೆ ಈ ಔಷಧಿ ಸಲ್ಲದು

ಈ ಲೇಖನದ ಪ್ರಮಾಣಗಳೆಲ್ಲ ಗಾಜಿನ ತೊಟ್ಟಿಯ, ತಿನ್ನದ ಮೀನಿಗೆ ಮಾತ್ರ. 2014ರಿಂದೀಚೆಗೆ ಕೃಷಿ ಭಾಗ್ಯದ ಹೊಂಡಗಳು ಬಂದ ಮೇಲೆ ಅನೇಕರು ಅವುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿದ್ದಾರೆ. ಆ ಮೀನುಗಳು ಮೇವಿಗೆ ಬರದಿದ್ದರೆ ಮೆಟ್ರೊನಿಡಜೋಲ್ ಹಾಕಿದರಾಯಿತೆಂದು ಯಾರೂ ಭಾವಿಸಬಾರದು. ಈ ಗುಂಪಿನ ಔಷಧಿಗಳನ್ನು ಆಹಾರದ ಮೀನು, ಸೀಗಡಿ ಸಾಕಣೆಯಲ್ಲಿ ಬಳಸುವುದನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಅದರ ಶೇಷ ಉಳಿದ ಮೀನನ್ನು ತಿನ್ನುವವರು ನಮ್ಮವರೇ. ಹೊಂಡದ ಮೀನು ಮೇವು ಬಿಟ್ಟರೆ ಬೆಳಗಿನ ಜಾವ ಹೋಗಿ ನೋಡಿ. ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕದ ಕೊರತೆ. ಮೇವು ನಿಲ್ಲಿಸಿ, ಪಂಪಿನಿಂದ ನೀರನ್ನು ಎತ್ತಿ ಅದೇ ಹೊಂಡಕ್ಕೆ ಚಿಮ್ಮಿಸಿ.

ಔಷಧಿ ಬೆರೆತ ತೊಟ್ಟಿಯ ನೀರನ್ನೂ ಹೊಂಡ, ಹಳ್ಳ, ಬಾವಿಯ ಬಳಿ ಚೆಲ್ಲಬಾರದು. ಅದರಲ್ಲಿ ಹುಳುವಿನ ಮರಿಗಳೂ ಇರುತ್ತವೆ, ಔಷಧಿಯೂ ಇರುತ್ತದೆ. ಕಾಗಿಣಾ ನದಿಯ ದಡದ ಊರುಗಳವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಆ ನೀರನ್ನು ನೀರಿನ ಮೂಲಗಳಿಂದ ದೂರ, ದನ ಮೇಯದ, ತರಕಾರಿ ಬೆಳೆಯದ ಒಣ ನೆಲದಲ್ಲಿ ಹಳ್ಳ ತೋಡಿ ಇಂಗಿಸಿ. ಸತ್ತ ಮೀನನ್ನು ಬೆಕ್ಕು, ಕೋಳಿಗೆ ಹಾಕದೆ ಸುಣ್ಣ ಹಾಕಿ ಹೂಳಿ. ಸಾಯುವ ಸ್ಥಿತಿಯ ಮೀನು ಪರೀಕ್ಷೆಗೆ ಹೆಚ್ಚು ಉಪಯೋಗ. ಸತ್ತು ಉಬ್ಬಿದ ಮೀನಿನಿಂದ ತಿಳಿಯುವುದು ಕಡಿಮೆ. ಒಯ್ಯುವಾಗ ಇನ್ನೊಂದು ಬಾಟಲಿಯಲ್ಲಿ ತೊಟ್ಟಿಯ ನೀರನ್ನೂ, ಏನೇನು ಔಷಧಿ ಎಂದು ಎಷ್ಟು ಹಾಕಿದಿರಿ ಎಂದು ಬರೆದ ಚೀಟಿಯನ್ನೂ ಜೊತೆಗಿಡಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರು, ಪಶುವೈದ್ಯರು ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರು ಅದನ್ನು ನೋಡಿ ಮುಂದಿನ ದಾರಿ ಹೇಳುತ್ತಾರೆ.